ವಾರ್ಡು ಬೇಡ, ವಾರ್ಡಿಗೆ ನಡೆದು ಬರುವ ತಂಡ ಕೊಡಿ: ದಾವಣಗೆರೆಯ ಆಸ್ಪತ್ರೆಗಳ ಆಡಳಿತಕ್ಕೆ ಬಹಿರಂಗ ಪತ್ರ

ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಹಾಗೂ ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಅಧೀಕ್ಷಕರಿಗೆ

ಮಾನ್ಯರೇ,

ದೊಡ್ಡ ಆಸ್ಪತ್ರೆಯೊಂದರಲ್ಲಿ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆ) ಸಲಹಾ ತಂಡ ಕಟ್ಟುವುದು ಹೇಗೆ, ಅದು ಎಲ್ಲೆಲ್ಲಿ ಕೆಡುತ್ತದೆ, ಕೆಡದಂತೆ ಮೊದಲೇ ಏನು ಮಾಡಿಟ್ಟುಕೊಳ್ಳಬೇಕು ಎಂಬುದನ್ನು ನಿಮ್ಮ ಮುಂದಿಡಲು ಈ ಪತ್ರ. ಬರೆಯುತ್ತಿರುವವರು ಇದೇ ಕೆಲಸದಲ್ಲಿರುವ ವೈದ್ಯರು, ಶುಶ್ರೂಷಾಧಿಕಾರಿಗಳು, ಫಾರ್ಮಸಿಯವರು ಮತ್ತು ಸಮಾಜ ಕಾರ್ಯಕರ್ತರು. ಯಾವ ಆಸ್ಪತ್ರೆಯಲ್ಲಿ ಕೆಲಸ ಆಗಲೇ ಶುರುವಾಗಿದೆಯೋ ಅವರು ತಾಳೆ ನೋಡಿಕೊಳ್ಳಲಿ. ಎಲ್ಲಿ ಇಲ್ಲವೋ ಅಲ್ಲಿ ಇದನ್ನೇ ಕರಡು ಎಂದು ತಿಳಿದು ಮುಂದುವರಿಯಬಹುದು.

'ಇನ್ನೇನೂ ಮಾಡಕ್ಕಾಗಲ್ಲ, ಮನಿಗೆ ಕರ್ಕಂಡು ಹೋಗ್ರಿ' ಎಂಬ ಮಾತು ಜಗಳೂರಿನಿಂದ ಚನ್ನಗಿರಿಯವರೆಗೆ ಎಲ್ಲ ಊರಿನವರಿಗೂ ಗೊತ್ತು. ಹೇಳುವ ಡಾಕ್ಟರು ಕಟುಕರಲ್ಲ. ಆಪರೇಷನ್ ಮಾಡುವ ಹಂತ ದಾಟಿದೆ, ಕೀಮೋ ತಡೆಯುವ ಶಕ್ತಿ ದೇಹಕ್ಕಿಲ್ಲ, ಹಾಸಿಗೆ ಬೇರೆಯವರಿಗೆ ಬೇಕು. ಅವರ ಕೈಯಲ್ಲಿ ಬೇರೆ ಮಾತಿಲ್ಲ, ಕಳಿಸಲು ಬೇರೆ ಜಾಗವಿಲ್ಲ. ಆದರೆ ಆ ಮಾತು ವೈದ್ಯಕೀಯವಾಗಿ ಸುಳ್ಳು. ಕಾಯಿಲೆ ಗುಣವಾಗದಿದ್ದರೂ ನೋವು ಇಳಿಸಬಹುದು, ವಾಂತಿ ನಿಲ್ಲಿಸಬಹುದು, ಹುಣ್ಣಿನ ವಾಸನೆ ತಗ್ಗಿಸಬಹುದು, ಉಸಿರಿನ ಸಂಕಟ ಕಡಿಮೆ ಮಾಡಬಹುದು, ಮುಂದೇನು ಎಂದು ಮನೆಯವರಿಗೆ ತಿಳಿಯುವಂತೆ ಹೇಳಬಹುದು. ಇವೆಲ್ಲಕ್ಕೂ ಕಲಿತವರು ಬೇಕು, ಸಮಯ ಬೇಕು, ಔಷಧ ಬೇಕು.

ಇದಕ್ಕೆ ಪ್ರತ್ಯೇಕ ವಾರ್ಡು ಕಟ್ಟುವುದರಿಂದ ಶುರು ಮಾಡಬೇಡಿ ಎಂಬುದು ನಮ್ಮ ಮೊದಲ ವಿನಂತಿ. ಕೊನೆಯ ಕೊಠಡಿಯಲ್ಲಿ ಆರು ಹಾಸಿಗೆ ಹಾಕಿ 'ಉಪಶಾಮಕ ವಾರ್ಡ್' ಎಂದು ಬೋರ್ಡು ತೂಗುಹಾಕಿದರೆ ಎರಡು ತಿಂಗಳಲ್ಲಿ ಅದು ಸಾಯುವವರ ವಾರ್ಡು ಎಂದು ಹೆಸರಾಗುತ್ತದೆ. ರೋಗಿ ಒಲ್ಲೆ ಎನ್ನುತ್ತಾರೆ, ಮನೆಯವರು ಹೆದರುತ್ತಾರೆ, ಬೇರೆ ವಿಭಾಗದವರು ಕೊನೆಯ ದಿನ ಅಲ್ಲಿಗೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಸಲಹಾ ತಂಡ ಅದಕ್ಕೆ ತದ್ವಿರುದ್ಧ. ರೋಗಿ ಇದ್ದಲ್ಲೇ ಇರುತ್ತಾರೆ: ಮೆಡಿಸಿನ್‌ನಲ್ಲಿ, ಸರ್ಜರಿಯಲ್ಲಿ, ಇಎನ್‌ಟಿಯಲ್ಲಿ, ಐಸಿಯುನಲ್ಲಿ. ತಂಡ ಅಲ್ಲಿಗೆ ನಡೆದು ಹೋಗುತ್ತದೆ. ಕೀಮೋ ನಡೆಯುತ್ತಿದ್ದರೂ, ಡಯಾಲಿಸಿಸ್ ನಡೆಯುತ್ತಿದ್ದರೂ ಜೊತೆಜೊತೆಗೇ ನೋಡುತ್ತದೆ. ಹಾಸಿಗೆಗಳನ್ನು ಒಂದು ವರ್ಷದ ನಂತರ, ಬೇಡಿಕೆ ನೋಡಿ, ಕೇಳಿದರಾಯಿತು.

ಜನ ಎಷ್ಟು ಬೇಕು? ತರಬೇತಾದ ಒಬ್ಬ ಪೂರ್ಣಾವಧಿ ವೈದ್ಯರು, ಇಬ್ಬರು ಶುಶ್ರೂಷಾಧಿಕಾರಿಗಳು, ಒಬ್ಬ ವೈದ್ಯಕೀಯ ಸಮಾಜ ಕಾರ್ಯಕರ್ತರು. ಫಾರ್ಮಸಿಯಲ್ಲಿ ಇದಕ್ಕೆಂದೇ ಹೊಣೆ ಹೊತ್ತ ಒಬ್ಬರು, ಫಿಸಿಯೋಥೆರಪಿಯಿಂದ ವಾರಕ್ಕೆ ಕೆಲವು ಗಂಟೆ. ಹೊಸ ರೋಗಿಯೊಬ್ಬರನ್ನು ಸರಿಯಾಗಿ ನೋಡಲು 45ರಿಂದ 60 ನಿಮಿಷ ಹಿಡಿಯುತ್ತದೆ, ಮರುಭೇಟಿಗೆ 15 ನಿಮಿಷ. ದಿನಕ್ಕೆ ಮೂವರು ಹೊಸಬರು, ಹತ್ತು ಮರುಭೇಟಿ ಎಂದರೆ ಐದೂವರೆ ಗಂಟೆ ಆಗಲೇ ಹೋಯಿತು. ಉಳಿದದ್ದು ಫೋನಿಗೆ, ರಿಜಿಸ್ಟರಿಗೆ, ಮನೆಯವರ ಜೊತೆ ಕೂರುವುದಕ್ಕೆ. ಅರಿವಳಿಕೆ ವಿಭಾಗದ ಒಬ್ಬರಿಗೆ 'ಓಟಿ ಮುಗಿದ ಮೇಲೆ ಇದನ್ನೂ ನೋಡಿ' ಎಂದು ಹೆಚ್ಚುವರಿಯಾಗಿ ಹೊರಿಸುವುದು ಎಲ್ಲ ಕಡೆ ಮಾಡುವ ತಪ್ಪು. ಓಟಿ ಎಂದೂ ಮುಗಿಯುವುದಿಲ್ಲ.

ತರಬೇತಿಗೆ ಕಡಿಮೆ ಎಂದರೂ ಇಬ್ಬರು ವೈದ್ಯರನ್ನು ಕಳಿಸಿ. ಒಬ್ಬರನ್ನೇ ಕಳಿಸಿದರೆ ಅವರಿಗೆ ವರ್ಗಾವಣೆ ಆದ ದಿನ ತಂಡ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ತರಬೇತಾದ ವೈದ್ಯರ ಹೊಣೆಗಾರಿಕೆಯ ಮೇಲೆ ನಿಂತಿರುವ ಮಾರ್ಫಿನ್ (ತೀವ್ರ ನೋವಿಗೆ ಕೊಡುವ, ಅಫೀಮು ಮೂಲದ ಔಷಧ) ಕಪಾಟಿನ ಬೀಗ ತೆಗೆಯುವವರು ಇಲ್ಲವಾಗುತ್ತಾರೆ. ಕೋಳಿಕ್ಕೋಡಿನ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್, ತಿರುವನಂತಪುರದ ಪಾಲಿಯಂ ಇಂಡಿಯಾ ಇದಕ್ಕೆ ಹೆಸರಾದ ಕೇಂದ್ರಗಳು. ಬೆಂಗಳೂರಿನ ಕರುಣಾಶ್ರಯ ನಮ್ಮ ರಾಜ್ಯದಲ್ಲೇ ಇದೆ. ಶುಶ್ರೂಷಾಧಿಕಾರಿಗಳನ್ನೂ ಕಳಿಸಿ. ರಾತ್ರಿ ಎರಡು ಗಂಟೆಗೆ ರೋಗಿಯ ಪಕ್ಕದಲ್ಲಿರುವವರು ಅವರೇ.

ಇನ್ನು ಯಾರನ್ನು ತಂಡಕ್ಕೆ ತೋರಿಸಬೇಕು ಎಂಬ ಪ್ರಶ್ನೆ. 'ಅಗತ್ಯವಿದ್ದವರನ್ನು ರೆಫರ್ ಮಾಡಿ' ಎಂದು ಸುತ್ತೋಲೆ ಹೊರಡಿಸಿದರೆ ಒಬ್ಬರನ್ನೂ ಮಾಡುವುದಿಲ್ಲ. ಮಾಡಿದರೂ ಸಾವಿಗೆ ಎರಡು ದಿನ ಮೊದಲು ಮಾಡುತ್ತಾರೆ, ಆಗ ನಾವು ಮಾಡಬಹುದಾದದ್ದರಲ್ಲಿ ಮುಕ್ಕಾಲು ಪಾಲು ಕೈತಪ್ಪಿರುತ್ತದೆ. ಗುರುತುಗಳನ್ನು ಬರೆದು ಪ್ರತಿ ವಾರ್ಡಿನ ನರ್ಸಿಂಗ್ ಸ್ಟೇಷನ್‌ನಲ್ಲಿ ಅಂಟಿಸಬೇಕು. ಬೇರೆ ಅಂಗಕ್ಕೆ ಹರಡಿದ ಕ್ಯಾನ್ಸರ್. ಬಾಯಿಯ ಕ್ಯಾನ್ಸರ್ ಹುಣ್ಣಾಗಿ ಹೊರಗೆ ಒಡೆದದ್ದು. ಗುಟ್ಕಾ, ತಂಬಾಕು ಇಷ್ಟು ಹಬ್ಬಿರುವ ಜಿಲ್ಲೆಯಲ್ಲಿ ಇದನ್ನು ಬೇರೆಯಾಗಿಯೇ ಬರೆಯಬೇಕು. ಡಯಾಲಿಸಿಸ್ ಬೇಡ ಎಂದವರು ಅಥವಾ ತಡೆಯಲಾರದವರು. ಹೊಟ್ಟೆಯಲ್ಲಿ ಮತ್ತೆ ಮತ್ತೆ ನೀರು ತುಂಬಿ ಬರುವ ಲಿವರ್ ರೋಗಿಗಳು. ಆಮ್ಲಜನಕ ಹಚ್ಚಿಕೊಂಡೇ ಮನೆಗೆ ಹೋಗುವ ಶ್ವಾಸಕೋಶದ ರೋಗಿಗಳು. ಪಾರ್ಶ್ವವಾಯು ಆಗಿ ಬೆನ್ನಿನಲ್ಲಿ ಹುಣ್ಣು ಬಿದ್ದವರು. ಒಂದೇ ಕಾಯಿಲೆಗೆ ಆರು ತಿಂಗಳಲ್ಲಿ ಎರಡನೇ ಸಲ ಐಸಿಯು ಸೇರಿದವರು. ಇದಾವುದೂ ಹೊಂದದಿದ್ದರೆ ವೈದ್ಯರು ತಮ್ಮನ್ನೇ ಕೇಳಿಕೊಳ್ಳುವ ಹಳೆಯ ಪ್ರಶ್ನೆಯೊಂದಿದೆ: ಈ ರೋಗಿ ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತದೆಯೇ? ಇಲ್ಲ ಎಂದಾದರೆ ಕರೆಯಿರಿ.

ಕರೆಯುವ ಹಕ್ಕು ವಾರ್ಡಿನ ಶುಶ್ರೂಷಾಧಿಕಾರಿಗೂ ಇರಬೇಕು. ಇದನ್ನು ಬಿಡಬೇಡಿ. ರೌಂಡ್ಸ್‌ನಲ್ಲಿ ಡಾಕ್ಟರ ಮುಂದೆ 'ಪರ್ವಾಗಿಲ್ಲ ಸಾರ್' ಎನ್ನುವ ರೋಗಿ, ಡ್ರೆಸಿಂಗ್ ಮಾಡುವ ಸಿಸ್ಟರ್ ಹತ್ತಿರ ನಿಜ ಹೇಳುತ್ತಾರೆ. ರೆಫರಲ್ ಹಾಳೆ ಒಂದೇ ಪುಟ ಇರಲಿ: ಹೆಸರು, ವಾರ್ಡು, ಕಾಯಿಲೆ, ಏನು ತೊಂದರೆ, ಯಾರು ಕರೆದರು, ಎಷ್ಟು ಗಂಟೆಗೆ. ಕರೆ ಬಂದ 24 ಗಂಟೆಯೊಳಗೆ ತಂಡ ಹೋಗಬೇಕು. ನೋವಿನ ಅಳತೆಯಲ್ಲಿ ಹತ್ತಕ್ಕೆ ಏಳು ಮೀರಿದ ನೋವು, ತಡೆಯಲಾರದ ಉಸಿರಿನ ಸಂಕಟ ಇದ್ದರೆ ಎರಡು ಗಂಟೆಯೊಳಗೆ. ಕ್ಯಾನ್ಸರ್ ರೋಗಿಗೆ ಹೊಸದಾಗಿ ಬೆನ್ನುನೋವು ಬಂದು, ಕಾಲು ಸೋತು, ಮೂತ್ರ ಕಟ್ಟಿದರೆ ಅದು ನಿಶ್ಶಕ್ತಿ ಅಲ್ಲ. ಬೆನ್ನುಹುರಿ ಒತ್ತಿಹೋಗುತ್ತಿದೆ ಎಂದರ್ಥ. ಆಗ ಗಂಟೆಗಳ ಲೆಕ್ಕ. ಕೂಡಲೇ ಊತ ಇಳಿಸುವ ಡೆಕ್ಸಾಮೆಥಾಸೋನ್ ಕೊಟ್ಟು, ಎಂಆರ್‌ಐ ಮಾಡಿಸಿ, ರೇಡಿಯೇಷನ್ ಇರುವ ಕೇಂದ್ರದವರಿಗೆ ಅದೇ ದಿನ ಫೋನ್ ಹೋಗಬೇಕು. ನಡೆಯುವ ಶಕ್ತಿ ಪೂರ್ತಿ ಹೋದ ಮೇಲೆ ಅದು ಮರಳುವುದು ಕಷ್ಟ.

ಈಗ ಜಗಳ ಹುಟ್ಟುವ ಜಾಗಕ್ಕೆ ಬರೋಣ. ಸಲಹಾ ತಂಡ ಸಲಹೆ ಬರೆದು ಹೋಗುತ್ತದೆ, ಮೂಲ ವಿಭಾಗದವರು ಅದನ್ನು ಆರ್ಡರ್ ಆಗಿ ಬರೆಯುವುದಿಲ್ಲ, ಔಷಧ ರೋಗಿಗೆ ಮುಟ್ಟುವುದಿಲ್ಲ. ಬೆಳಿಗ್ಗೆ 11ಕ್ಕೆ ಕೇಸ್ ಶೀಟಿನಲ್ಲಿ ಬರೆದದ್ದು ಮರುದಿನ ರೌಂಡ್ಸ್‌ವರೆಗೂ ಹಾಗೇ ಕೂತಿರುತ್ತದೆ, ಆ ರಾತ್ರಿಯಿಡೀ ರೋಗಿ ನರಳುತ್ತಾರೆ. ಇಲ್ಲವೇ ತಂಡದವರು ಯಾರನ್ನೂ ಕೇಳದೆ ಔಷಧ ಬದಲಿಸುತ್ತಾರೆ, ಯೂನಿಟ್ ಮುಖ್ಯಸ್ಥರು ಮುನಿಸಿಕೊಳ್ಳುತ್ತಾರೆ, ಮುಂದಿನ ತಿಂಗಳಿಂದ ಆ ಯೂನಿಟ್‌ನಿಂದ ಒಂದು ರೆಫರಲ್ಲೂ ಬರುವುದಿಲ್ಲ. ಎರಡನ್ನೂ ತಪ್ಪಿಸಲು ಅಧೀಕ್ಷಕರ ಸಹಿಯಿರುವ ಒಂದು ಆದೇಶ ಬೇಕು. ನೋವಿನ ಔಷಧ, ಅದರ ಜೊತೆಯ ಮಲಬದ್ಧತೆಯ ಔಷಧ, ವಾಂತಿಯ ಔಷಧ, ಬಾಯಿ ಮತ್ತು ಹುಣ್ಣಿನ ಆರೈಕೆ ಇಷ್ಟನ್ನು ತಂಡವೇ ನೇರವಾಗಿ ಆರ್ಡರ್ ಬರೆಯುತ್ತದೆ. ಉಳಿದದ್ದೆಲ್ಲ ಸಲಹೆ. ಕೇಸ್ ಶೀಟಿನಲ್ಲಿ ಪೆನ್ನು ಇಡುವ ಮೊದಲು ಮೂಲ ವೈದ್ಯರಿಗೆ ಎರಡು ನಿಮಿಷ ಫೋನ್ ಮಾಡುವುದು ಕಡ್ಡಾಯ. 'ಈ ಕಾಯಿಲೆ ನಿಮ್ಮದೇ ಕೈಯಲ್ಲಿರುತ್ತದೆ, ನಾವು ಇದಿಷ್ಟನ್ನು ನೋಡಿಕೊಳ್ಳುತ್ತೇವೆ' ಎಂದು ಪ್ರತಿ ಸಲವೂ ಬಾಯಿಬಿಟ್ಟು ಹೇಳಬೇಕು. ಸಂಬಂಧ ಉಳಿಯುವುದು ಆ ಎರಡು ನಿಮಿಷದಲ್ಲಿ.

ಮಾರ್ಫಿನ್ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ತಂಡ ಬದುಕುವುದೋ ಹೆಸರಿಗಷ್ಟೇ ಉಳಿಯುವುದೋ ತೀರ್ಮಾನವಾಗುವುದು ಇಲ್ಲಿ.

1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಡುವುದಕ್ಕೇ ಹೆದರಿ ಬಿಟ್ಟುಬಿಟ್ಟವು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು 'ಅತ್ಯಗತ್ಯ ಮಾದಕ ಔಷಧ' ಎಂಬ ಹೊಸ ವರ್ಗವನ್ನೇ ಮಾಡಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳು ಅದರಲ್ಲಿವೆ. ಈಗ ಹತ್ತು ಕಡೆ ಹತ್ತು ಲೈಸೆನ್ಸ್ ಬೇಡ. ರಾಜ್ಯದ ಔಷಧ ನಿಯಂತ್ರಕರಿಂದ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂಬ ಒಂದೇ ಅನುಮತಿ ಪಡೆದರೆ ಸಾಕು. ಹತ್ತು ವರ್ಷ ದಾಟಿದರೂ ಇದು ಇನ್ನೂ ಅನೇಕ ಆಡಳಿತ ಕಚೇರಿಗಳಿಗೆ ತಲುಪಿಲ್ಲ ಎಂಬುದು ನೋವಿನ ಸಂಗತಿ. ಅರ್ಜಿಯೊಂದಿಗೆ ತರಬೇತಾದ ವೈದ್ಯರ ಪ್ರಮಾಣಪತ್ರ, ಹೊಣೆ ಹೊರುವವರ ಹೆಸರು, ದಾಸ್ತಾನು ಇಡುವ ಜಾಗದ ವಿವರ ಸಿದ್ಧವಿರಲಿ. ಮೊದಲು ಕಳಿಸಬೇಕಾದ ಕಾಗದ ಇದೇ, ಏಕೆಂದರೆ ಉಳಿದೆಲ್ಲ ಸಿದ್ಧವಾದ ಮೇಲೆ ಇದಕ್ಕಾಗಿ ಕಾಯುವ ತಂಡ ಪ್ಯಾರಾಸಿಟಮಾಲ್ ಹಿಡಿದು ವಾರ್ಡು ಸುತ್ತಬೇಕಾಗುತ್ತದೆ.

ಎಷ್ಟು ತರಿಸಬೇಕು ಎಂಬುದಕ್ಕೆ ಲೆಕ್ಕ ಸರಳ. ಮಾರ್ಫಿನ್ ಮಾತ್ರೆಯ ಪರಿಣಾಮ ನಾಲ್ಕು ಗಂಟೆ. ಆದ್ದರಿಂದ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದನ್ನು ಎರಡು ಪಟ್ಟು ಕೊಟ್ಟರೆ ನಡುರಾತ್ರಿ ಎಬ್ಬಿಸಬೇಕಿಲ್ಲ. 10 ಮಿಲಿಗ್ರಾಂ ಮಾತ್ರೆಯಾದರೆ ದಿನಕ್ಕೆ ಆರು, ಅಂದರೆ 60 ಮಿಲಿಗ್ರಾಂ. ಇದೇ ಸರಾಸರಿ ಎಂದು ಹಿಡಿದು, ಮೂವತ್ತು ರೋಗಿಗಳಿದ್ದಾರೆ ಎಂದುಕೊಂಡರೆ ತಿಂಗಳಿಗೆ 5,400 ಮಾತ್ರೆ. ಪ್ರತಿ ಸಲ ಕಪಾಟಿನಲ್ಲಿ ಮೂರು ತಿಂಗಳ ದಾಸ್ತಾನು ತುಂಬಬೇಕು: 16,200. ದಾಸ್ತಾನು ಎರಡು ತಿಂಗಳಿಗೆ ಇಳಿದ ದಿನವೇ ಇಂಡೆಂಟ್ (ಬೇಡಿಕೆ ಪತ್ರ) ಹೋಗಬೇಕು, ಮುಗಿದ ಮೇಲೆ ಅಲ್ಲ. ಮಾರ್ಫಿನ್ ಒಮ್ಮೆಲೇ ನಿಂತರೆ ನೋವು ತಿರುಗಿ ಬರುವುದಷ್ಟೇ ಅಲ್ಲ, ಬೆವರು, ಭೇದಿ, ತಳಮಳ ಶುರುವಾಗುತ್ತದೆ. ಹರಪನಹಳ್ಳಿ, ಜಗಳೂರು ಕಡೆಯಿಂದ ಬಸ್ಸು ಹತ್ತಿ ಬಂದವರಿಗೆ 'ಸ್ಟಾಕ್ ಇಲ್ಲ, ಸೋಮವಾರ ಬನ್ನಿ' ಎನ್ನುವಂತಾಗಬಾರದು.

ಕಪಾಟು ಉಕ್ಕಿನದು, ಎರಡು ಬೀಗ, ಎರಡು ಬೀಗದ ಕೈ ಇಬ್ಬರ ಹತ್ತಿರ. ಪುಟಸಂಖ್ಯೆ ಹಾಕಿದ ರಿಜಿಸ್ಟರು. ಕೊಟ್ಟದ್ದು, ಉಳಿದದ್ದು, ಕೊಟ್ಟವರ ಸಹಿ, ಪಡೆದವರ ಸಹಿ. ಪ್ರತಿ ಪಾಳಿಯ ಕೊನೆಗೆ ಇಬ್ಬರು ಕೂತು ಎಣಿಸಬೇಕು. ರೋಗಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಮಾತ್ರೆ ವಾಪಸು ಬರುವಂತೆ ಮೊದಲ ದಿನವೇ ಹೇಳಿ, ಬಂದದ್ದನ್ನು ಬೇರೆ ಪುಟದಲ್ಲಿ ಬರೆಯಬೇಕು. ಈ ಶಿಸ್ತು ಇದ್ದರೆ ಯಾವ ತಪಾಸಣೆಗೂ ಅಂಜಬೇಕಿಲ್ಲ.

ವಾರ್ಡಿನಲ್ಲಿ ಕೆಡುವುದು ಬೇರೆ ಕಾರಣಕ್ಕೆ. ಒಂದು, ನೋವಿನ ಔಷಧವನ್ನು, ಕೇಳಿದಾಗ ಮಾತ್ರ ಕೊಡಿ ಎಂಬರ್ಥದಲ್ಲಿ, 'ಎಸ್‌ಓಎಸ್' ಎಂದು ಬರೆಯುವುದು. ಹಾಗೆ ಬರೆದರೆ ರೋಗಿ ನರಳಿ ಕೇಳಬೇಕು, ಅಟೆಂಡರ್ ಹೋಗಿ ಸಿಸ್ಟರನ್ನು ಕರೆಯಬೇಕು, ಅವರು ಡ್ಯೂಟಿ ಡಾಕ್ಟರನ್ನು ಕೇಳಬೇಕು. ಸದಾ ಇರುವ ನೋವಿಗೆ ಗಡಿಯಾರ ನೋಡಿ ಔಷಧ. ಎಸ್‌ಓಎಸ್ ಇರುವುದು ನಡುವೆ ಉಕ್ಕುವ ನೋವಿಗೆ, ಅದೂ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ. 60 ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ 10. ಅದು ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಕಾದರೆ ಒಟ್ಟು ಪ್ರಮಾಣ ಕಡಿಮೆಯಾಗಿದೆ ಎಂದರ್ಥ. ಎರಡು, ಮಾರ್ಫಿನ್ ಬರೆದು ಮಲಬದ್ಧತೆಯ ಔಷಧ ಬರೆಯದಿರುವುದು. ಮಾರ್ಫಿನ್ನಿನ ವಾಕರಿಕೆ, ಮಂಪರು ಕೆಲವು ದಿನದಲ್ಲಿ ಕಡಿಮೆಯಾಗುತ್ತವೆ, ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಬಿಸಾಕೋಡಿಲ್ ರಾತ್ರಿ 10 ಮಿಲಿಗ್ರಾಂ ಮೊದಲ ದಿನದಿಂದಲೇ ಜೊತೆಗಿರಬೇಕು. ನಾಲ್ಕು ದಿನ ಹೊಟ್ಟೆ ಕಟ್ಟಿ ಕೂತ ರೋಗಿ ತಾನಾಗಿಯೇ ಮಾರ್ಫಿನ್ ಬಿಡುತ್ತಾರೆ, 'ಆ ಮಾತ್ರೆ ಆಗಲಿಲ್ಲ' ಎಂದು ಊರಿಗೆಲ್ಲ ಸುದ್ದಿಯಾಗುತ್ತದೆ. ಮೂರು, ಕಿಡ್ನಿ ಸೋತವರಿಗೆ ಎಲ್ಲರ ಪ್ರಮಾಣವನ್ನೇ ಕೊಡುವುದು. ಮಾರ್ಫಿನ್ನಿನ ಉಪ ಉತ್ಪನ್ನಗಳು ಕಿಡ್ನಿಯ ಮೂಲಕ ಹೋಗಬೇಕು. ಹೋಗದಿದ್ದರೆ ಒಳಗೇ ತುಂಬಿ ಮಂಪರು, ಸ್ನಾಯು ಜಗ್ಗುವಿಕೆ ಬರುತ್ತದೆ. ಪ್ರಮಾಣ ಇಳಿಸಬೇಕು, ಅಂತರ ಹೆಚ್ಚಿಸಬೇಕು, ಇಲ್ಲವೇ ಫೆಂಟನಿಲ್‌ಗೆ ಬದಲಿಸಬೇಕು. ಮುದುಕರಿಗೆ, ತೀರಾ ಸೊರಗಿದವರಿಗೆ 2.5 ಮಿಲಿಗ್ರಾಂನಿಂದ ಶುರು. ಇನ್ನು ಫೆಂಟನಿಲ್ ಪಟ್ಟಿಯನ್ನು (ಚರ್ಮಕ್ಕೆ ಅಂಟಿಸುವ ಪ್ಯಾಚ್) ಒಪಿಯಾಯ್ಡ್, ಅಂದರೆ ಮಾರ್ಫಿನ್ ಜಾತಿಯ ಔಷಧ, ಎಂದೂ ತೆಗೆದುಕೊಳ್ಳದವರಿಗೆ ಮೊದಲ ಔಷಧವಾಗಿ ಅಂಟಿಸುವುದು ಅಪಾಯ. ಗಂಟೆಗೆ 25 ಮೈಕ್ರೋಗ್ರಾಂನ ಪಟ್ಟಿ ಚಿಕ್ಕದಾಗಿ ಕಂಡರೂ ಅದು ದಿನಕ್ಕೆ 60 ಮಿಲಿಗ್ರಾಂ ಮತ್ತು ಮೇಲ್ಪಟ್ಟ ಮಾರ್ಫಿನ್‌ಗೆ ಸಮ. ಜ್ವರ ಬಂದಾಗ, ಬಿಸಿನೀರಿನ ಚೀಲ ತಾಗಿದಾಗ ಚರ್ಮ ಅದನ್ನು ಇನ್ನೂ ಬೇಗ ಹೀರುತ್ತದೆ.

'ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ' ಎಂಬ ಭಯ ಮನೆಯವರಿಗಿಂತ ಹೆಚ್ಚಾಗಿ ಸಿಬ್ಬಂದಿಗೇ ಇರುತ್ತದೆ. ನೋವಿಗೆ ತಕ್ಕಂತೆ ನಿಧಾನವಾಗಿ ಏರಿಸಿದ ಮಾರ್ಫಿನ್ ಆಯುಸ್ಸು ಕಡಿಮೆ ಮಾಡುವುದಿಲ್ಲ ಎಂಬುದನ್ನು ಪ್ರತಿ ವಾರ್ಡಿನಲ್ಲೂ ಪಾಠವಾಗಿ ಹೇಳಬೇಕು. ಜೊತೆಗೆ ಅಪಾಯದ ಗುರುತನ್ನೂ ಕಲಿಸಬೇಕು: ಎಬ್ಬಿಸಿದರೂ ಏಳದ ಮಂಪರು, ಸೂಜಿಮೊನೆಯಷ್ಟು ಕುಗ್ಗಿದ ಪಾಪೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು. ಮಾರ್ಫಿನ್ನಿನ ಪರಿಣಾಮ ಇಳಿಸುವ ನಲೊಕ್ಸೋನ್ ವಾರ್ಡಿನ ಎಮರ್ಜೆನ್ಸಿ ಟ್ರೇನಲ್ಲಿ ಇರಬೇಕು. ಗುರುತು ತಿಳಿದ ನರ್ಸ್‌ಗೆ ಭಯ ಅರ್ಧ ಇಳಿದಿರುತ್ತದೆ.

ನೋವು ಅಳೆಯುವುದನ್ನೂ ನಮ್ಮ ಜನರ ಬಾಯಲ್ಲೇ ಮಾಡಬೇಕು. ಸೊನ್ನೆಯಿಂದ ಹತ್ತು ಎಂದು ಕೇಳಿದರೆ ಓದು ಬರಹ ಬಾರದ ಹಿರಿಯರು 'ಬಾಳ ಐತಿ' ಎಂದು ಸುಮ್ಮನಾಗುತ್ತಾರೆ. 'ರೂಪಾಯಿಗೆ ಎಷ್ಟಾಣೆ ನೋವೈತಿ ಅಜ್ಜಾ?' ಎಂದು ಕೇಳಿ ನೋಡಿ. 'ಹನ್ನೆರಡಾಣಿ ಐತಿ. ರಾತ್ರಿ ಪೂರಾ ಹದಿನಾರಾಣಿ' ಎಂದು ತಟ್ಟನೆ ಬರುತ್ತದೆ ಉತ್ತರ. ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಹದಿನಾರಾಣೆ, ಹಾಗಾಗಿ ಹನ್ನೆರಡಾಣೆ ಎಂದರೆ ನಮ್ಮ ಚಾರ್ಟಿನಲ್ಲಿ ಹತ್ತಕ್ಕೆ ಏಳೂವರೆ. ಮರುದಿನ 'ಆರಾಣಿಗೆ ಇಳದೈತಿ' ಎಂದರೆ ನಾಲ್ಕರ ಕೆಳಗೆ ಬಂತು. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ ಎಂಬ ನಾಲ್ಕು ಗೆರೆಗಳ ಚಾರ್ಟನ್ನು ಟಿಪಿಆರ್ ಹಾಳೆಯ ಹಿಂಬದಿಗೆ ಅಚ್ಚು ಹಾಕಿಸಿ. ಜ್ವರ, ನಾಡಿ ಬರೆಯುವಾಗಲೇ ನೋವನ್ನೂ ಬರೆಯಲಿ.

ಬಾಯಿ, ಸ್ತನದ ಕ್ಯಾನ್ಸರ್ ಹುಣ್ಣುಗಳ ವಿಷಯ. ವಾಸನೆಯಿಂದಾಗಿ ಆ ರೋಗಿಯ ತಟ್ಟೆಯನ್ನು ಮನೆಯಲ್ಲಿ ಬೇರೆ ಇಡುತ್ತಾರೆ, ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ರೋಗಿಗೆ ಕಾಯಿಲೆಗಿಂತ ಅದೇ ದೊಡ್ಡ ಯಾತನೆ. ಇದಕ್ಕೆ ದುಬಾರಿ ಔಷಧ ಬೇಡ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು. ಅದರಿಂದ ಹುಣ್ಣನ್ನು ತೊಳೆಯುವುದು, ಉಜ್ಜುವುದಲ್ಲ. ಹಳೆಯ ಪಟ್ಟಿ ಅಂಟಿಕೊಂಡಿದ್ದರೆ ಅದೇ ನೀರಲ್ಲಿ ನೆನೆಸಿ ಬಿಡಿಸಬೇಕು, ಎಳೆದರೆ ರಕ್ತ ಸುರಿಯುತ್ತದೆ. ಆಮೇಲೆ ಮೆಟ್ರೊನಿಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸುವುದು. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ದಿನಾ ಮಾಡಿದರೆ ಕೆಲವೇ ದಿನದಲ್ಲಿ ವಾಸನೆ ತಗ್ಗುತ್ತದೆ. ಪಟ್ಟಿಗೆ ಮನೆಯ ಹಳೆಯ ಹತ್ತಿ ಸೀರೆ, ಪಂಚೆ ಸಾಕು. ಒಗೆದು, ಅಂಗೈ ಅಗಲಕ್ಕೆ ಕತ್ತರಿಸಿ, ಡಬ್ಬಿಗೆ ಹಾಕಿ, ಇಡ್ಲಿ ಬೇಯಿಸುವಂತೆ ಕುಕ್ಕರಿನ ಆವಿಯಲ್ಲಿ ಅರ್ಧ ಗಂಟೆ ಇಟ್ಟು, ಒಣಗಿಸಿ ಮುಚ್ಚಿಡುವುದು. ಇದನ್ನು ಡಿಸ್ಚಾರ್ಜ್‌ಗೆ ಮೊದಲು ಮನೆಯವರ ಕೈಯಿಂದಲೇ ಎರಡು ಸಲ ಮಾಡಿಸಬೇಕು. ಬಾಯಲ್ಲಿ ಹೇಳಿ ಕಳಿಸಿದರೆ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಮರೆತಿರುತ್ತದೆ. ಹುಳ ಬಿದ್ದ ಹುಣ್ಣಾದರೆ ಮೊದಲ ಸಲ ಆಸ್ಪತ್ರೆಯಲ್ಲೇ ಟರ್ಪೆಂಟೈನ್ ಎಣ್ಣೆಯ ಗಾಜ್ ಇಟ್ಟು, ಹೊರಬಂದ ಹುಳಗಳನ್ನು ಫೋರ್ಸೆಪ್ಸ್‌ನಿಂದ ತೆಗೆದು ಕಳಿಸಬೇಕು. ಆ ಹೊತ್ತಿಗೆ ಪರದೆ ಎಳೆದಿರಬೇಕು, ಮುಖ ಸಿಂಡರಿಸುವ ಒಬ್ಬರೂ ಒಳಗಿರಬಾರದು.

ಮಾತುಕತೆಗೆ ಒಂದು ಕೋಣೆ ಕೊಡಿ. ಆರು ಕುರ್ಚಿ ಹಿಡಿಸುವಷ್ಟು, ಬಾಗಿಲು ಹಾಕುವಂಥದ್ದು. ಕಾರಿಡಾರಿನಲ್ಲಿ ನಿಂತು ಹೇಳುವ ಸುದ್ದಿಯಲ್ಲ ಇದು. 'ಅಪ್ಪಗ ಹೇಳಬ್ಯಾಡ್ರಿ, ಎದಿ ಒಡಕಂತಾನೆ' ಎನ್ನುತ್ತಾರೆ ಮಕ್ಕಳು. ಆ ಪ್ರೀತಿಯನ್ನು ಗದರಿಸಬಾರದು. ಮೊದಲು ಮಕ್ಕಳ ಭಯ ಕೇಳಿ, ಆಮೇಲೆ ಅವರ ಒಪ್ಪಿಗೆಯಿಂದಲೇ ರೋಗಿಯನ್ನು 'ನಿಮ್ಮ ಕಾಯಿಲೆ ಬಗ್ಗೆ ನಿಮಗೇನ್ ಅನಿಸೈತಿ?' ಎಂದಷ್ಟೇ ಕೇಳಬೇಕು. ಬಹುಪಾಲು ಜನರಿಗೆ ಗೊತ್ತಿರುತ್ತದೆ. ಮಕ್ಕಳಿಗೆ ನೋವಾಗದಿರಲಿ ಎಂದು ಅವರೂ ಸುಮ್ಮನಿರುತ್ತಾರೆ. ಎಷ್ಟು ತಿಳಿಯಬೇಕು ಎಂಬುದನ್ನು ಅವರೇ ಹೇಳಲಿ. ಗೊತ್ತಾದವರಿಗೆ ಹೊಲದ ಖಾತೆ ಬದಲಾವಣೆ, ಮಗಳ ಮದುವೆ ಮಾತು, ಬಿಟ್ಟುಹೋದ ತಮ್ಮನ ಜೊತೆ ರಾಜಿ, ಹೀಗೆ ಮುಗಿಸಿಕೊಳ್ಳಬೇಕಾದ ಕೆಲಸಗಳಿರುತ್ತವೆ. ಬೆಂಗಳೂರಿಗೆ 260 ಕಿಲೋಮೀಟರ್ ಇನ್ನೊಮ್ಮೆ ಹೋಗಬೇಕೇ, ಅದಕ್ಕಾಗಿ ಎಮ್ಮೆ ಮಾರಬೇಕೇ ಎಂಬುದನ್ನೂ ನಿಜ ಗೊತ್ತಿದ್ದವರೇ ಸರಿಯಾಗಿ ತೀರ್ಮಾನಿಸಬಲ್ಲರು.

ತಂಡ ಸೋಲುವ ಇನ್ನೊಂದು ಜಾಗ ಆಸ್ಪತ್ರೆಯ ಗೇಟು. ವಾರ್ಡಿನಲ್ಲಿ ಇಳಿದ ನೋವು ಮನೆಯಲ್ಲಿ ಮೂರನೇ ದಿನ ಏರುತ್ತದೆ, ಯಾರನ್ನು ಕೇಳಬೇಕೋ ಗೊತ್ತಿಲ್ಲ, ಮತ್ತೆ ಆಂಬುಲೆನ್ಸ್, ಮತ್ತೆ ಕ್ಯಾಷುಯಾಲಿಟಿ, ಮತ್ತೆ ಮೊದಲಿಂದ ಎಲ್ಲ ಟೆಸ್ಟು. ಇದನ್ನು ತಡೆಯಲು ಬೇಕಾದದ್ದು ಒಂದು ಮೊಬೈಲ್ ಫೋನು, ತಂಡದ್ದು, ವ್ಯಕ್ತಿಯದ್ದಲ್ಲ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಶುಶ್ರೂಷಾಧಿಕಾರಿ ಎತ್ತುವಂಥದ್ದು. ಡಿಸ್ಚಾರ್ಜ್ ಆದ ಮೂರನೇ ದಿನ ನಾವೇ ಫೋನ್ ಮಾಡಬೇಕು. ಕೈಗೆ ಕೊಡುವ ಹಾಳೆ ಕನ್ನಡದಲ್ಲಿರಲಿ, ಸೂರ್ಯ, ಚಂದ್ರನ ಚಿತ್ರದ ಪಕ್ಕ ಎಷ್ಟು ಮಾತ್ರೆ ಎಂದಿರಲಿ, ಎರಡು ವಾರದ ಔಷಧ ಜೊತೆಗಿರಲಿ. ಇದೇ ಹಾಳೆಯ ಪ್ರತಿ ಆ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಗೆ ಹೋಗಬೇಕು. ಉಪಶಾಮಕ ಆರೈಕೆ ಆ ಕೇಂದ್ರಗಳ 12 ಸೇವೆಗಳ ಪಟ್ಟಿಯಲ್ಲೇ ಇದೆ. ಆಶಾ ಕಾರ್ಯಕರ್ತೆಗೆ ಹೊಸ ರಿಜಿಸ್ಟರು ಹೊರಿಸಬೇಡಿ. ಮನೆ ತೋರಿಸಿ, ವಿಷಯ ತಿಳಿಸಿದರೆ ಸಾಕು. ಮಾತ್ರೆ ನುಂಗಲಾರದ ಸ್ಥಿತಿ ಬಂದಾಗ ಬಟರ್‌ಫ್ಲೈ ಸೂಜಿಯನ್ನು ಚರ್ಮದಡಿ ಹಾಕಿ ಔಷಧ ಕೊಡಬಹುದು, ಐವಿ ಲೈನಿಗೆ ನರ ಹುಡುಕಿ ಚುಚ್ಚಬೇಕಿಲ್ಲ. ಆ ಸೂಜಿ ಹಾಕುವುದನ್ನು ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳಿಗೆ ಒಂದೇ ಮಧ್ಯಾಹ್ನದಲ್ಲಿ ಕಲಿಸಬಹುದು.

ಐಸಿಯು ಬಗ್ಗೆ. ಘನತೆಯಿಂದ ಸಾಯುವ ಹಕ್ಕಿಗಾಗಿ ನಮ್ಮ ಊರಿನ ನಿವೃತ್ತ ಶಿಕ್ಷಕಿಯೊಬ್ಬರು ವರ್ಷಾನುಗಟ್ಟಲೆ ಸರ್ಕಾರಕ್ಕೆ, ನ್ಯಾಯಾಲಯಕ್ಕೆ ಬರೆದದ್ದು ದಾವಣಗೆರೆಯವರು ಮರೆತಿಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಆ ಹಕ್ಕನ್ನು ಒಪ್ಪಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು, ನಮ್ಮ ರಾಜ್ಯ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಅದರಂತೆ ಜೀವ ಹಿಡಿದಿಡುವ ಯಂತ್ರ, ಚಿಕಿತ್ಸೆ ನಿಲ್ಲಿಸುವ ತೀರ್ಮಾನಕ್ಕೆ ಆಸ್ಪತ್ರೆಯಲ್ಲಿ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಮೇಲೆ ಮೂವರ ದ್ವಿತೀಯ ಮಂಡಳಿ ಇರಬೇಕು; ದ್ವಿತೀಯ ಮಂಡಳಿಗೆ ಒಬ್ಬ ವೈದ್ಯರನ್ನು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಬೇಕು. ಮಂಡಳಿಯ ಸಹಿ ಬಿದ್ದ ಮೇಲೆ ವೆಂಟಿಲೇಟರ್ ತೆಗೆಯುವ ಆ ಅರ್ಧ ಗಂಟೆಯನ್ನು ಯಾರು ನೋಡಿಕೊಳ್ಳುತ್ತಾರೆ? ಉಸಿರಿಗೆ ಒದ್ದಾಡದಂತೆ ಮಾರ್ಫಿನ್, ತಳಮಳ ತಗ್ಗಿಸುವ ಮಿಡಜೋಲಾಮ್ ಮೊದಲೇ ಕೊಟ್ಟು, ಅಲಾರಂಗಳನ್ನು ಆರಿಸಿ, ಮನೆಯವರನ್ನು ಒಳಗೆ ಕರೆದು, ಬಾಯಿಗೆ ನೀರು ಬಿಡುವ ಅವಕಾಶ ಮಾಡಿಕೊಟ್ಟು, ಕೊನೆಯವರೆಗೆ ಪಕ್ಕದಲ್ಲಿ ನಿಲ್ಲುವವರು ಬೇಕು. ಉಪಶಾಮಕ ತಂಡವಿಲ್ಲದ ಆಸ್ಪತ್ರೆಯಲ್ಲಿ ಮಂಡಳಿ ಇದ್ದರೂ ವೈದ್ಯರು ಸಹಿ ಹಾಕಲು ಹಿಂಜರಿಯುತ್ತಾರೆ, ಮನೆಯವರು ಸಾಲ ಮಾಡಿ ಐಸಿಯು ಬಿಲ್ಲು ಕಟ್ಟುತ್ತಾರೆ, ಕಡೆಗೆ ಯಾವ ಔಷಧವೂ ಇಲ್ಲದೆ 'ಸ್ವಇಚ್ಛೆಯ ಡಿಸ್ಚಾರ್ಜ್' ಬರೆದುಕೊಟ್ಟು ಒಯ್ಯುತ್ತಾರೆ. ಒಂದನ್ನು ಸ್ಪಷ್ಟಪಡಿಸುತ್ತೇವೆ: ಉಪಶಾಮಕ ಆರೈಕೆ ಸಾವನ್ನು ಬೇಗ ತರುವುದೂ ಅಲ್ಲ, ಎಳೆಯುವುದೂ ಅಲ್ಲ.

ಹಣದ ವಿಚಾರ ಚಿಕ್ಕದು. 2012ರಿಂದ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ, ಅಂದರೆ ಎನ್‌ಎಚ್‌ಎಂನ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಹುದ್ದೆ, ತರಬೇತಿ, ಔಷಧಕ್ಕೆ ಬೇಡಿಕೆ ಇಡಬೇಕು. ಮಾರ್ಫಿನ್ ಮಾತ್ರೆ ಅಗ್ಗ. ದುಬಾರಿ ಎಂದರೆ ಜನರ ಸಮಯ.

ಮೊದಲ ಮೂರು ತಿಂಗಳು ಎರಡೇ ವಾರ್ಡುಗಳಲ್ಲಿ ನಡೆಸಿ, ಮೆಡಿಸಿನ್ ಮತ್ತು ಸರ್ಜರಿ. ಇಡೀ ಆಸ್ಪತ್ರೆಗೆ ಒಂದೇ ದಿನ ಘೋಷಿಸಿದರೆ ತಂಡ ಸಮಯಕ್ಕೆ ಹೋಗಲಾರದು, ಕರೆದರೆ ಬರುವುದಿಲ್ಲ ಎಂಬ ಹೆಸರು ಮೊದಲ ತಿಂಗಳೇ ಅಂಟುತ್ತದೆ. ಆಮೇಲೆ ಇಎನ್‌ಟಿ, ಡಯಾಲಿಸಿಸ್, ಆರನೇ ತಿಂಗಳಿಗೆ ಐಸಿಯು. ತಿಂಗಳಿಗೊಮ್ಮೆ ಅಧೀಕ್ಷಕರ ಕೋಣೆಯಲ್ಲಿ ಐದು ಅಂಕಿಗಳನ್ನು ನೋಡಿ: ಯಾವ ವಾರ್ಡಿನಿಂದ ಎಷ್ಟು ರೆಫರಲ್, ಕರೆಗೂ ಭೇಟಿಗೂ ನಡುವೆ ಎಷ್ಟು ಗಂಟೆ, 48 ಗಂಟೆಯಲ್ಲಿ ಎಷ್ಟು ಜನರ ನೋವು ಆರಾಣೆಗಿಂತ ಕೆಳಗಿಳಿಯಿತು, ಮಾರ್ಫಿನ್ ಇಲ್ಲದ ದಿನ ಎಷ್ಟು, ರೆಫರಲ್‌ಗೂ ಸಾವಿಗೂ ನಡುವೆ ಎಷ್ಟು ದಿನ. ಕೊನೆಯ ಅಂಕಿಯನ್ನು ಗಮನವಿಟ್ಟು ನೋಡಿ. ಅದು ಎರಡು ಮೂರು ದಿನದಲ್ಲೇ ನಿಂತಿದ್ದರೆ ತಂಡವನ್ನು ಮರಣದ ಸಾಕ್ಷಿಗೆ ಮಾತ್ರ ಕರೆಯುತ್ತಿದ್ದಾರೆ ಎಂದರ್ಥ, ತಪ್ಪು ತಂಡದ್ದಲ್ಲ. ವಾರಗಳಿಗೆ ಏರುತ್ತಿದ್ದರೆ ವಾರ್ಡುಗಳು ನಂಬಲು ಶುರುಮಾಡಿವೆ. ಜೊತೆಗೆ ವಾರಕ್ಕೊಮ್ಮೆ ಒಂದು ಗಂಟೆ ತಂಡದವರೇ ಕೂತು ತೀರಿಕೊಂಡವರ ಬಗ್ಗೆ ಮಾತಾಡುವ ಸಮಯವನ್ನು ಡ್ಯೂಟಿ ಎಂದೇ ಪರಿಗಣಿಸಿ. ಆ ಗಂಟೆ ಸಿಗದ ನರ್ಸ್‌ಗಳು ಒಂದು ವರ್ಷದಲ್ಲಿ ಬೇರೆ ವಿಭಾಗ ಕೇಳಿಕೊಂಡು ಹೋಗುತ್ತಾರೆ.

ನಿಮ್ಮಿಂದ ಈಗ ಬೇಕಿರುವುದು ಮೂರು ಸಹಿ. ಔಷಧ ನಿಯಂತ್ರಕರಿಗೆ ಹೋಗುವ ಮಾನ್ಯತೆಯ ಅರ್ಜಿಗೆ ಒಂದು, ಇಬ್ಬರು ವೈದ್ಯರು ಮತ್ತು ಇಬ್ಬರು ಶುಶ್ರೂಷಾಧಿಕಾರಿಗಳ ತರಬೇತಿ ನಿಯೋಜನೆಗೆ ಒಂದು, ತಂಡ ನೇರವಾಗಿ ಆರ್ಡರ್ ಬರೆಯಬಹುದು ಎಂಬ ಆಂತರಿಕ ಆದೇಶಕ್ಕೆ ಒಂದು. ಅರ್ಜಿಯ ಕರಡು, ಒಂದು ಪುಟದ ರೆಫರಲ್ ಹಾಳೆ, ಆಣೆ ಲೆಕ್ಕದ ನೋವಿನ ಚಾರ್ಟು, ಮಾರ್ಫಿನ್ ರಿಜಿಸ್ಟರಿನ ನಮೂನೆ ನಾವು ಸಿದ್ಧಮಾಡಿ ತರುತ್ತೇವೆ. ರೌಂಡ್ಸ್ ಮುಗಿದ ಮೇಲೆ ಒಂದು ಗಂಟೆ ಸಮಯ ಕೊಡಿ. ಫಾರ್ಮಸಿಯವರನ್ನೂ, ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನೂ ಆ ಸಭೆಗೆ ಕರೆಯಿರಿ.

ಇಂತಿ,
ದಾವಣಗೆರೆ ಜಿಲ್ಲೆಯ ಉಪಶಾಮಕ ಆರೈಕೆ ಕಾರ್ಯಕರ್ತರು